ಇನ್ನೊಮ್ಮೆ ಹೇಳ್ರಿ

ಕೋಮಲಳಿಗೆ ಜಪಾನಿ ಓದಲು ಬರುತ್ತಿತ್ತು. ಬರೆಯಲೂ ಬರುತ್ತಿತ್ತು, ಆ ಚೌಕಟ್ಟಿನ ಅಕ್ಷರಗಳನ್ನು ರಂಗೋಲಿ ಬಿಡಿಸಿದಷ್ಟು ಅಚ್ಚುಕಟ್ಟಾಗಿ ಬರೆಯುತ್ತಿದ್ದಳು. ಬಾಯಿಪಾಠ ಮಾಡಿದ್ದನ್ನು ಎಲ್ಲೂ ಎಡವದೆ ಹೇಳುತ್ತಿದ್ದಳು. ಆದರೆ ಎದುರಿಗಿದ್ದವರು ಬಾಯಿ ತೆರೆದರೆ ಮುಗಿಯಿತು. ಚೀಲದ ಬಾಯಿ ಬಿಚ್ಚಿ ಜೋಳ ಸುರುವಿದ ಹಾಗೆ ಮಾತು ಸುರಿದು ಹೋಗುತ್ತಿತ್ತು. ಅವಳ ಕೈಗೆ ಸಿಗುತ್ತಿದ್ದದ್ದು ನಾಲ್ಕು ಕಾಳು.

ಆ ನಾಲ್ಕು ಕಾಳಿನ ಮೇಲೆ ಅವಳ ಬದುಕು ನಿಂತಿತ್ತು. ಜಪಾನಿನ ಉತ್ತರದ ತುದಿಯಲ್ಲಿ, ಆಳೆತ್ತರ ಹಿಮ ಬೀಳುವ ಸೀಮೆಯಲ್ಲಿ, ಕುರಿ ಸಾಕಣೆ ಕಲಿಸುವ ಕಾಲೇಜೊಂದಿತ್ತು. ಹೊರದೇಶದ ಒಬ್ಬಿಬ್ಬರನ್ನು ತನ್ನ ಖರ್ಚಿನಲ್ಲೇ ಓದಿಸುತ್ತಿತ್ತು. ಶಿರಗುಪ್ಪಿಯ ಕುರಿಗಾರ ಮಲಕಾರಿಯ ಮಗಳು, ಪಶುಸಂಗೋಪನೆಯಲ್ಲಿ ಡಿಪ್ಲೊಮಾ ಮುಗಿಸಿದವಳು, ಅರ್ಜಿ ಹಾಕಿದ್ದಳು. ಕಾಗದಪತ್ರದ ಮೇಲೆ ಗೆದ್ದೂ ಆಗಿತ್ತು. ಉಳಿದದ್ದು ಒಂದೇ. ಸಂಕ್ರಾಂತಿ ಮುಗಿದ ವಾರ ಆ ಕಾಲೇಜಿನ ಹಿರಿಯ ಮೇಷ್ಟ್ರು ವಿಡಿಯೋದಲ್ಲಿ ನೇರವಾಗಿ ಮಾತನಾಡಿಸುತ್ತಾರೆ. ಎಲ್ಲವೂ ಜಪಾನಿಯಲ್ಲಿ. ಮಾತು ಹಿಡಿದರೆ ಸೀಟು ಅವಳದು, ಇಲ್ಲವಾದರೆ ಇನ್ನೊಬ್ಬರದು.

ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಯ ಮಾಳಿಗೆಯ ಮೇಲೆ ನೇಮಿನಾಥ ಸರ್ ಜಪಾನಿ ಕ್ಲಾಸು ನಡೆಸುತ್ತಿದ್ದರು. ಶೇಡಬಾಳದವರು. ಜಪಾನಿನ ಕಾರು ಕಾರ್ಖಾನೆಯಲ್ಲಿ ಕೆಲ ವರ್ಷ ದುಡಿದು ಬಂದವರು. ಒಳ್ಳೆಯ ಮನುಷ್ಯ, ಒಳ್ಳೆಯ ಮೇಷ್ಟ್ರು. ಅವರ ಬೆನ್ನುಮೂಳೆ ಮಾತ್ರ ಅಲ್ಲಿಂದ ಬರುವಾಗಲೇ ಅರ್ಧ ಬಾಗಿ ಬಂದಿತ್ತು.

"ತಿಳೀಲಿ, ಬಿಡ್ಲಿ, ಹಾಯ್ ಅನ್ರಿ," ಎನ್ನುತ್ತಿದ್ದರು ಸರ್. ಜಪಾನಿಯಲ್ಲಿ ಹಾಯ್ ಎಂದರೆ ಹೌದು. "ನಗ್ರಿ, ತಲಿ ಬಾಗಸ್ರಿ, ಹಾಯ್ ಅನ್ರಿ. ತಿಳೀಲಿಲ್ಲ ಅಂತ ಒಮ್ಮೆ ಬಾಯಿಂದ ಬಂತಂದ್ರ ಖಲಾಸ್. ಸೀಟ್ ಹೋತು. ನಾ ಅಲ್ಲಿ ಇರೂತನಕಾ ಹಾಯ್ ಅಂದ್ಕೊಂತನ ದಿನಾ ತಗದೇನಿ. ಏನಾತು ನನಗ? ಗುಂಡಕಲ್ಲಿನಂಗ ಅದೇನಿ."

ಡಿಸೆಂಬರಿನ ಒಂದು ಬೆಳಿಗ್ಗೆ ಅವರು ತಾಲೀಮು ಇಟ್ಟರು. ತಮಗೆ ಪರಿಚಯದ ಜಪಾನಿ ಹೆಂಗಸೊಬ್ಬಳನ್ನು ವಿಡಿಯೋದಲ್ಲಿ ಕರೆದು, ಇಡೀ ಕ್ಲಾಸಿನೆದುರು ಕೋಮಲಳನ್ನು ಕೂರಿಸಿದರು. ಹೆಂಗಸು ಮೃದುವಾಗಿ ನಕ್ಕಳು, ಏನೋ ಕೇಳಿದಳು. ಕೋಮಲ ತಲೆ ಬಾಗಿಸಿ "ಹಾಯ್" ಎಂದಳು. ಹೆಂಗಸಿನ ಹುಬ್ಬು ಮೇಲೆ ಹೋಯಿತು, ಇನ್ನೇನೋ ಕೇಳಿದಳು. "ಹಾಯ್." ಮತ್ತೊಂದು. "ಹಾಯ್." ಹಿಂದಿನ ಬೆಂಚಿನಿಂದ ಖಿಕ್ಕೆಂದು ನಗೆ ಕೇಳಿಸಿತು.

ಕರೆ ಮುಗಿದ ಮೇಲೆ ಸರ್ ಹಣೆ ಒರೆಸಿಕೊಂಡರು. "ಆಕಿ ಏನ್ ಕೇಳಿದ್ಲು, ಗೊತ್ತಾತೇನವಾ?"

"ಇಲ್ರಿ ಸರ್."

"ನಿನಗ ಪ್ರಾಣಿ ಕಂಡ್ರ ಅಂಜಿಕಿ ಬರತೈತೇನು ಅಂದ್ಲು. ನೀ ಹಾಯ್ ಅಂದಿ. ಹಂಗಾದ್ರ ಒಂದು ಕುರೀನೂ ಮುಟ್ಟಿಲ್ಲ ಅನ್ನು ಅಂದ್ಲು. ಹಾಯ್ ಅಂದಿ. ಮತ್ತ ಯಾರರ ಜುಲ್ಮಿ ಮಾಡಿ ಕಳಸಾಕತ್ತಾರೇನು ಅಂತ ಕೇಳಿದ್ಲು…"

"ಅದಕ್ಕೂ ಹಾಯ್!" ನಿಪ್ಪಾಣಿಯ ಈಶ್ವರ ಹಿಂದಿನಿಂದ ಕೂಗಿದ. ಕ್ಲಾಸು ಗೊಳ್ಳೆಂದಿತು. "ಏ ಕೋಮಲಾ, ನಿಮ್ಮಪ್ಪನ ಕುರಿ ಈ ಸುದ್ದಿ ಕೇಳಿದ್ರ ಮೇವು ಬಿಡ್ತಾವ ನೋಡ."

"ನಿನ್ನ ಪಾಳಿ ಬರಲಿ ತಡಿ," ಎಂದಳು ಕೋಮಲ. "ನಿಮ್ಮಪ್ಪನ್ನ ನೀ ಕಂಡೇ ಇಲ್ಲೇನು ಅಂದ್ರೂ ಹಾಯ್ ಅಂತಿ."

ಮಾತು ತಿರುಗಿಸಿದಳೇನೋ ಹೌದು, ಆದರೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತಾಗ ಕಣ್ಣು ತುಂಬಿತು. ಅಂಕಲಿ ಹಿಂದೆ ಸರಿಯಿತು, ಕೃಷ್ಣೆಯ ಸೇತುವೆ ಬಂತು. ಕುರಿಯ ಕಾಲಡಿಯಲ್ಲೇ ಅಂಬೆಗಾಲಿಟ್ಟವಳು ತಾನು. ಕುರಿಮರಿಯ ಬಾಯಿಗೆ ಬೆರಳಿಟ್ಟು ಜ್ವರ ಹೇಳಬಲ್ಲವಳು. ಒಂದೂ ಕುರಿ ಮುಟ್ಟಿಲ್ಲ ಎಂದು ನಗುನಗುತ್ತಾ ಒಪ್ಪಿ ಬಂದಿದ್ದಳು.

ಈ ಒಪ್ಪಿಗೆ ಜಪಾನಿನಿಂದ ಬಂದದ್ದಲ್ಲ. ಸರ್ ಕಲಿಸುವ ಮೊದಲೇ ಅವಳ ಮೈಯಲ್ಲಿತ್ತು. ತಲಾಠಿ ಹೊಲದ ಕಾಗದದಲ್ಲಿ ಏನೋ ಓದುತ್ತಾನೆ, ಹೌದ್ರಿ. ಡಾಕ್ಟರು ಏನೋ ಬರೆಯುತ್ತಾನೆ, ಹೌದ್ರಿ. ಹೊಲದ ಧಣಿ ಗಾಡಿಯ ಮೇಲೆ ಕೂತೇ ಏನೋ ಅಂದು ಧೂಳೆಬ್ಬಿಸಿ ಹೋಗುತ್ತಾನೆ, ಹೌದ್ರಿ. ಏನೆಂದಿರಿ ಎಂದು ಕೇಳುವುದು ಸೊಕ್ಕು. ತಿಳಿಯದೆ ತಲೆಯಾಡಿಸುವುದು ಮರ್ಯಾದೆ. ಹೆಣ್ಣುಮಗಳಾದರೆ ಆ ಮರ್ಯಾದೆ ದುಪ್ಪಟ್ಟು. ಬಡವರ ಕಿವಿಯನ್ನು ಕೆಡಿಸಿದ್ದು ಕಿವುಡಲ್ಲ, ಈ ಮರ್ಯಾದೆ. ದೊಡ್ಡವರು ಗೊಣಗಬಹುದು, ಅವಸರ ಮಾಡಬಹುದು, ಅರ್ಧ ಮಾತು ನುಂಗಬಹುದು. ಅರ್ಥ ಮಾಡಿಕೊಳ್ಳುವ ಹೊರೆಯೆಲ್ಲ ಕೆಳಗೆ ನಿಂತವನದು. ಹಾಗೆ ತಲೆಯಾಡಿಸಿ ಎಷ್ಟು ಹೊಲದ ಬದುಗಳು ಸರಿದುಹೋದವೋ, ಎಷ್ಟು ಹುಡುಗಿಯರ ಮದುವೆಗಳು ಗೊತ್ತಾದವೋ, ಬರೆದಿಟ್ಟವರಿಲ್ಲ.

ಕೋಮಲ ಮನೆ ಮುಟ್ಟಿದಾಗ ಹೊತ್ತು ಇಳಿಮುಖವಾಗಿತ್ತು. ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆಯುತ್ತ, ದೊಡ್ಡ ದೊಡ್ಡ ಸ್ಪೀಕರಿನಲ್ಲಿ ಮರಾಠಿ ಹಾಡು ಹಚ್ಚಿಕೊಂಡು, ಕಾರ್ಖಾನೆಯ ಕಡೆ ಸಾಲು ಹಿಡಿದಿದ್ದವು. ಅಂಗಳದಲ್ಲಿ ಅಪ್ಪ ಮಲಕಾರಿ ಫೋನಿನಲ್ಲಿ ಮಾತಾಡುತ್ತಿದ್ದ. ಮಾತಾಡುತ್ತಿದ್ದ ಎನ್ನುವುದಕ್ಕಿಂತ ನಿಂತಿದ್ದ ಎನ್ನಬೇಕು. ದ್ರಾಕ್ಷಿ ತೋಟದ ಅಣ್ಣಾಸಾಬರ ಫೋನು ಬಂದರೆ ಅವನು ಕುಳಿತಲ್ಲಿಂದ ಎದ್ದು, ರುಮಾಲು ಸರಿಮಾಡಿಕೊಂಡು, ನಿಂತೇ ಕೇಳುವವನು.

"ಹೌದ್ರಿ ಧಣ್ಯಾರ… ಹೌದ್ರಿ… ಆತ್ರಿ, ಹಂಗ ಮಾಡೂಣ್ರಿ… ಹೌದ್ರಿ."

ಒಲೆಯ ಮುಂದಿನಿಂದ ಅವ್ವ ತಾರವ್ವ ಕೇಳಿದಳು: "ಏನಂತ?"

ಮಲಕಾರಿ ಫೋನನ್ನು ಅಂಗೈಯಲ್ಲಿ ಮುಚ್ಚಿದ. "ಸೋಮವಾರದಿಂದ ಕುರಿ ನಿಲ್ಲಸಂತ, ಗೊಬ್ಬರಕ. ಕಬ್ಬು ಕಡದಾರಲ್ಲ, ಹೊಲದಾಗ."

"ಯಾವ ಹೊಲದಾಗ?"

"ಅದ… ಕಾಲುವಿ ಅಂದ್ರು. ಟ್ರ್ಯಾಕ್ಟರ್ ಬಂತು, ಮುಂದಿಂದು ಕೇಳಲಿಲ್ಲ."

"ಮತ್ತ ಹೌದ್ರಿ ಹೌದ್ರಿ ಅನ್ನಾಕತ್ತಿದ್ದಿ, ಯಾವುದಕ ಅಂದಿ?"

"ಧಣ್ಯಾರಿಗೆ ತಿರುಗಿ ಕೇಳೂದಂದ್ರ…"

"ತಾ ಇಲ್ಲೆ." ತಾರವ್ವ ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡು ಫೋನು ಕಸಿದಳು. "ಅಣ್ಣಾಸಾಬ್ರ, ನಾ ತಾರವ್ವ ಅದೇನ್ರಿ. ನೀವು ಅಂದದ್ದು ಅರ್ಧ ನಮಗ ಬಂತು, ಅರ್ಧ ಟ್ರ್ಯಾಕ್ಟರ್ ನುಂಗೇತಿ. ತಿರುಗಿ ಒಪ್ಪಸ್ತೇನಿ, ತಪ್ಪಿದಲ್ಲೆ ತಡೀರಿ. ಕಬ್ಬು ಕಡದ ಹೊಲದಾಗ ಕುರಿ ನಿಲ್ಲಸಬೇಕು, ಹೌದಲ್ರಿ? ಸೋಮವಾರದಿಂದ. ಕಾಲುವಿ ಕಡೀ ಹೊಲದಾಗ…"

"ಏ ತಡಿ ತಡಿ!" ಅಣ್ಣಾಸಾಬರ ದನಿ ಅಂಗಳಕ್ಕೆಲ್ಲ ಕೇಳಿಸಿತು. "ಕಾಲುವಿ ಕಡೀಗೆ ಬ್ಯಾಡಂದೆ ಮಾರಾಯ್ತಿ! ದ್ರಾಕ್ಷಿ ಬಳ್ಳಿ ಕಡದು ಅಲ್ಲೇ ಬದುವಿಗೆ ಒಗದೇವಿ. ಔಷಧ ಹೊಡದದ್ದು. ಕುರಿ ಬಾಯಿ ಹಾಕಿದ್ರ ಅಲ್ಲೇ ಮಲಗ್ತಾವ. ಬಾವಿ ಹೊಲದಾಗ ನಿಲ್ಲಸ್ರಿ."

"ಬಾವಿ ಹೊಲ. ಸೋಮವಾರ. ಕಾಲುವಿ ಕಡೀಗೆ ಹಾಯಬಾರದು. ಬರಾಬ್ಬರಿ ಆತೇನ್ರಿ?"

"ಬರಾಬ್ಬರಿ. ಛಲೋ ಆತು ಕೇಳಿದ್ದು."

ಮಲಕಾರಿ ನಿಂತಲ್ಲೇ ಕುಸಿದು ಕಟ್ಟೆಯ ಮೇಲೆ ಕುಳಿತ. ಹಿಂಡಿನ ಕಡೆ ನೋಡಿದ, ಹೆಂಡತಿಯ ಕಡೆ ನೋಡಲಿಲ್ಲ. ತಾರವ್ವ ಏನೂ ಆಗದವಳಂತೆ ಮತ್ತೆ ರೊಟ್ಟಿ ತಟ್ಟತೊಡಗಿದಳು.

ಕೋಮಲ ಚೀಲ ಹೆಗಲಿಂದ ಇಳಿಸುವುದನ್ನೂ ಮರೆತು ನಿಂತಿದ್ದಳು. ಅವ್ವ ಮಾಡಿದ್ದು ಹೊಸತೇನಲ್ಲ. ಫೋನಿಲ್ಲದ ಕಾಲದಲ್ಲಿ ಹಿಂಡು ತಿಂಗಳುಗಟ್ಟಲೆ ದೂರದ ಸೀಮೆಗೆ ಹೋದಾಗ, ಆ ದಾರಿ ಹಿಡಿದವರ ಬಾಯಲ್ಲೇ ಮನೆಗೂ ಹಿಂಡಿಗೂ ಸುದ್ದಿ ಓಡಾಡುತ್ತಿತ್ತು. ಸುದ್ದಿ ಒಯ್ಯುವವನು ಹೊರಡುವ ಮುಂಚೆ ಕೇಳಿದ್ದನ್ನು ಕೇಳಿದಂತೆ ತಿರುಗಿ ಹೇಳಬೇಕು. ಅದಕ್ಕೆ ಮಾತು ಒಪ್ಪಿಸುವುದು ಎನ್ನುತ್ತಿದ್ದರು. ಎಲ್ಲಿ ತಪ್ಪಿದನೋ ಅಲ್ಲಿ ತಡೆದು, ಅಷ್ಟನ್ನೇ ಮತ್ತೆ ಹೇಳುತ್ತಿದ್ದರು. ಅದರಲ್ಲಿ ನಾಚಿಕೆ ಇರಲಿಲ್ಲ. ಒಪ್ಪಿಸದೆ ಹೊರಟವನನ್ನೇ ಹಿಂದಕ್ಕೆ ಕರೆಯುತ್ತಿದ್ದರು. ಕೋಮಲ ಇದನ್ನು ಚಿಕ್ಕಂದಿನಿಂದ ನೋಡಿದ್ದಳು. ಕುರಿಯ ಸುದ್ದಿಗೆ ಮಾತ್ರ ಇರುವ ರೂಢಿ ಎಂದುಕೊಂಡಿದ್ದಳು. ಧಣಿಗೂ ಒಪ್ಪಿಸಬಹುದು ಎಂದು ಕಂಡದ್ದು ಇವತ್ತು.

ತಾನು ಇಷ್ಟು ದಿನ ಮಾಡಿದ್ದೇನು? ಕಿವಿಗೆ ಇಯರ್‌ಫೋನ್ ತುರುಕಿಕೊಂಡು, ಕಣ್ಣು ಮುಚ್ಚಿ, ಜಪಾನಿ ಮಾತನ್ನು ಗುಳಿಗೆಯ ಹಾಗೆ ನುಂಗಿದ್ದಳು. ಹೊಟ್ಟೆಗೆ ಎಷ್ಟು ಹೋಯಿತು, ಎಷ್ಟು ಹೊರಗೇ ಬಿತ್ತು ಎಂದು ನೋಡಿಯೇ ಇರಲಿಲ್ಲ.

ಮರುದಿನದಿಂದ ಅವಳ ಪಾಠದ ರೀತಿ ಬದಲಾಯಿತು. ಇಯರ್‌ಫೋನ್ ಮೂಲೆಗೆ ಬಿತ್ತು. ಹಿಂಡಿನ ಹಿಂದೆ ನಡೆಯುತ್ತ ಫೋನಿನಲ್ಲಿ ಒಂದು ವಾಕ್ಯ ಹಚ್ಚುವುದು, ನಿಲ್ಲಿಸುವುದು, ಕೇಳಿದಷ್ಟನ್ನು ಗಟ್ಟಿಯಾಗಿ ಒಪ್ಪಿಸುವುದು. ಎಲ್ಲಿ ನಾಲಿಗೆ ನಿಂತಿತೋ ಅಲ್ಲಿಯೇ ಕಿವಿ ಸೋತಿದೆ ಎಂದರ್ಥ. ಅದೊಂದು ತುಂಡನ್ನೇ ಮತ್ತೆ ಹಚ್ಚುವುದು. ಮೊದಲ ದಿನಗಳಲ್ಲಿ ಒಂದು ವಾಕ್ಯದಲ್ಲಿ ಹತ್ತು ಕಡೆ ನಿಲ್ಲುತ್ತಿದ್ದಳು. ಅಣ್ಣ ಮಾಳೇಶ ಕೋಲಿನ ಮೇಲೆ ಗದ್ದ ಊರಿ ಅಣಕಿಸುತ್ತಿದ್ದ: "ಲೇ ತಂಗಿ, ಕುರಿಗೋಳಿಗೆ ಜಪಾನಿ ಬಂತು, ನಿನಗಿನ್ನೂ ಬರವಲ್ದಲ್ಲ!"

ತಾರವ್ವನೂ ಕೆಲವೊಮ್ಮೆ ಬುತ್ತಿ ತಂದವಳು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದಳು.

"ಈ ಮುದುಕ ಯಾಕ ಇಷ್ಟ ಸಿಟ್ಟಿಗೆದ್ದಾನ?"

"ಸಿಟ್ಟಲ್ಲಬೇ, ರೈಲು ತಡಾ ಆಗೇತಿ, ತಪ್ಪಾತು ಅನ್ನಾಕತ್ತಾನ."

"ರೈಲು ತಡಾ ಆದದ್ದಕ ತಪ್ಪಾತು ಅಂತಾರ? ಒಮ್ಮೆ ಕುಡಚಿ ಸ್ಟೇಷನ್ನಿಗೆ ಕರಕೊಂಡು ಬಾ ಅವನ್ನ. ಅಂದಂದ ಸುಸ್ತಾಗ್ತಾನ."

ಆದರೆ ದಿನ ಹೋದಂತೆ ಮಾತಿನ ರಾಶಿಯಲ್ಲಿ ಸಾಲುಗಳು ಕಾಣತೊಡಗಿದವು. ಸುರಿದು ಹೋಗುತ್ತಿದ್ದ ಜೋಳ ಈಗ ಬೊಗಸೆಯಲ್ಲಿ ನಿಲ್ಲುತ್ತಿತ್ತು. ಪೂರ್ತಿ ಅಲ್ಲ. ಆದರೆ ಎಷ್ಟು ಸಿಕ್ಕಿತು, ಎಷ್ಟು ಸಿಗಲಿಲ್ಲ ಎಂಬುದು ಈಗ ಗೊತ್ತಾಗುತ್ತಿತ್ತು. ಮೊದಲು ಅದೂ ಗೊತ್ತಿರಲಿಲ್ಲ.

ಸಂದರ್ಶನದ ದಿನ ನೇಮಿನಾಥ ಸರ್ ಲ್ಯಾಪ್‌ಟಾಪಿನ ಹಿಂದೆ, ಕ್ಯಾಮೆರಾಕ್ಕೆ ಕಾಣದಂತೆ ಕುರ್ಚಿ ಹಾಕಿಕೊಂಡರು. "ನಾ ಬೆರಳೆತ್ತಿದ್ರ ಹಾಯ್ ಅನ್ನು. ಕೈ ಅಲ್ಲಾಡಿಸಿದ್ರ ಇಲ್ಲ ಅನ್ನು. ಬ್ಯಾರೆ ಏನೂ ಅನ್ನಬ್ಯಾಡ. ನಿನ್ನ ಕೈ ಮುಗೀತೇನಿ, ಕ್ಲಾಸಿನ ಹೆಸರು ಐತಿ."

ಪರದೆಯ ಮೇಲೆ ಮುದುಕರೊಬ್ಬರು ಬಂದರು. ಕಚೇರಿಯಲ್ಲಿರಲಿಲ್ಲ, ಕುರಿಯ ಕೊಟ್ಟಿಗೆಯಲ್ಲೇ ನಿಂತಿದ್ದರು. ಮೊಣಕಾಲಿನವರೆಗೆ ರಬ್ಬರ್ ಬೂಟು, ಹಿಂದೆ ಬಿಳಿ ಕುರಿಗಳ ಸಾಲು, ಎಲ್ಲೋ ಒಂದು ಯಂತ್ರದ ಗುರ್ರ್ ಸದ್ದು. ಫೋನಿನ ಪಾಠದ ಸ್ವಚ್ಛ ಜಪಾನಿಯಲ್ಲ ಅವರದು. ಮೂಗಿನಲ್ಲಿ ಅರ್ಧ, ಎದೆಯಲ್ಲಿ ಅರ್ಧ ಉಳಿಯುವ ಹಳ್ಳಿಯ ಜಪಾನಿ. ನಮಸ್ಕಾರ ಮುಗಿಯುತ್ತಲೇ ಒಂದು ಉದ್ದ ಪ್ರಶ್ನೆ ಕೇಳಿದರು.

ಸರ್ ಬೆರಳೆತ್ತಿದರು.

ಕೋಮಲಳ ಗಂಟಲಿಗೆ ಹಾಯ್ ಬಂದೇಬಿಟ್ಟಿತ್ತು. ಅದನ್ನು ಅಲ್ಲಿಯೇ ಹಿಡಿದಳು. "ಸುಮಿಮಾಸೆನ್," ಎಂದಳು, ಕ್ಷಮಿಸಿ. ಮುಂದಿನದನ್ನೂ ಜಪಾನಿಯಲ್ಲೇ, ನಿಧಾನವಾಗಿ ಹೇಳಿದಳು: "ಕೇಳಿದಷ್ಟು ಹೇಳುತ್ತೇನೆ. ಚಳಿಗಾಲ. ಕುರಿ ಈದಿದೆ. ಮರಿಯನ್ನು ತಾಯಿ… ಇಲ್ಲಿಯವರೆಗೆ ತಿಳಿಯಿತು. ಮುಂದಿನದು ತಿಳಿಯಲಿಲ್ಲ. ಮೋ ಇಚಿದೋ." ಇನ್ನೊಮ್ಮೆ ಹೇಳಿ.

ಸರ್ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು.

ಮುದುಕರು ಕಣ್ಣು ಕಿರಿದು ಮಾಡಿ ಅವಳನ್ನು ನೋಡಿದರು. ಸಿಟ್ಟೋ, ಬೇಸರವೋ, ತಿಳಿಯಲಿಲ್ಲ. ಆಮೇಲೆ ಮತ್ತೆ ಹೇಳಿದರು. ಕೋಮಲ ಮತ್ತೆ ಒಪ್ಪಿಸಿದಳು. "ಅಲ್ಲ," ಎಂದು ಒಂದು ಕಡೆ ತಡೆದರು, ಆ ತುಂಡನ್ನಷ್ಟೇ ಬಿಡಿಸಿ ಹೇಳಿದರು. ಮೂರನೆಯ ಸಲಕ್ಕೆ ಮಾತು ಕೂಡಿತು: ತಾಯಿ ಕುರಿ ಮರಿಯನ್ನು ಮೂಸಿ ದೂರ ತಳ್ಳಿದರೆ ನೀನೇನು ಮಾಡುತ್ತೀ?

ಅದೇನು ಕೇಳಬೇಕೇ! ತಾಯಿಯ ಹಾಲನ್ನೇ ಮರಿಯ ಬೆನ್ನಿಗೆ ಸವರುವುದನ್ನು, ಎರಡನ್ನೂ ಇಕ್ಕಟ್ಟಾದ ಕಟ್ಟಿನಲ್ಲಿ ಕೂಡಿ ಹಾಕುವುದನ್ನು, ತಾಯಿ ಒದ್ದರೆ ಹಿಂಗಾಲು ಹಿಡಿದು ಮೊಲೆಗೆ ಬಿಡುವುದನ್ನು ಕೋಮಲ ಹೇಳಿದಳು. ಪದ ಸಿಗದ ಕಡೆ ಕೈಯಲ್ಲೇ ಮಾಡಿ ತೋರಿಸಿದಳು. ಮುದುಕರು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ.

ಆಮೇಲೆ ಅವರು ಮೆಲ್ಲಗೆ, ಪಕ್ಕಕ್ಕೆ ತಿರುಗಿಕೊಂಡು, ರೂಢಿಯ ಮಾತೆಂಬಂತೆ ಇನ್ನೇನೋ ಅಂದರು. ಸರ್ ಎರಡೂ ಕೈಯ ಬೆರಳೆತ್ತಿ ಕಣ್ಣಲ್ಲೇ ಬೇಡಿಕೊಂಡರು. ಇದು ಎಲ್ಲರನ್ನೂ ಕೇಳುವ ಮಾತು. ಹಿಂದಿನ ವರ್ಷಗಳಲ್ಲಿ ಆ ಕಾಲೇಜಿಗೆ ಹೋದವರೆಲ್ಲ ಇದಕ್ಕೆ ಹಾಯ್ ಅಂದೇ ಹೋಗಿದ್ದರು.

"ಕೇಳಿದಷ್ಟು ಹೇಳುತ್ತೇನೆ," ಎಂದಳು ಕೋಮಲ. "ಮೊದಲ ಚಳಿಗಾಲ. ಮನೆಗೆ. ಹೋಗುವಂತಿಲ್ಲ. ಕಾರಣ ಹೇಳಿದಿರಿ, ಅದು ತಿಳಿಯಲಿಲ್ಲ."

"ಆಗ ಕುರಿಗಳು ಈಯುವ ಕಾಲ," ಎಂದರು ಅವರು, ಈ ಸಲ ಅವಳತ್ತ ಪೂರ್ತಿ ತಿರುಗಿ. "ಕೊಟ್ಟಿಗೆಯಲ್ಲಿ ಎಲ್ಲರೂ ಬೇಕು. ಊರಿಗೆ ಹೋಗಲು ರಜೆ ಇಲ್ಲ."

ಕೋಮಲ ಒಂದು ಉಸಿರು ಎಳೆದುಕೊಂಡಳು. "ಈಯುವ ಕಾಲ ನನಗೆ ಗೊತ್ತು. ಆಗ ನಮ್ಮ ಮನೆಯಲ್ಲೂ ಯಾರೂ ಊರು ಬಿಡುವುದಿಲ್ಲ. ಆದರೆ ನನ್ನ ಅಪ್ಪನಿಗೋ ಅವ್ವನಿಗೋ ಏನಾದರೂ ಆದರೆ, ನಾನು ನಿಮ್ಮಲ್ಲಿ ಬಂದು ರಜೆ ಕೇಳಬಹುದೇ?"

ಮುದುಕರು ಬೂಟಿನ ತುದಿ ನೋಡಿಕೊಂಡರು. "ಇದನ್ನು ಯಾರೂ ಕೇಳಿರಲಿಲ್ಲ," ಎಂದರು. "ಕೇಳಬಹುದು. ಕೂತು ಮಾತಾಡೋಣ." ಪರದೆ ಕಪ್ಪಾಯಿತು.

ಸರ್ ಎದ್ದು ನಿಂತರು. "ಮುಗೀತು. ಸೀಟ್ ಹೋತು! ಎಷ್ಟು ಸಲ ಮೋ ಇಚಿದೋ ಅಂದಿ? ಮ್ಯಾಲೆ ರಜಾ ಬ್ಯಾರೆ ಕೇಳ್ತಿ! ಅವರೇನ್ ನಿಮ್ಮ ಸೋದರಮಾವನೇನು?"

"ಸರ್, ಹಾಯ್ ಅಂದು ಹೋಗಿ, ಅಲ್ಲಿ ಹಿಮದಾಗ ಕುಂತು ಅಳೂದಕಿಂತ, ಇಲ್ಲೇ ಕೇಳಿ ಇಲ್ಲೇ ಉಳದ್ರೂ ಛಲೋನ ಅಲ್ಲೇನ್ರಿ?"

ಸರ್ ಲ್ಯಾಪ್‌ಟಾಪ್ ಮುಚ್ಚಿದರು. ಚಹಾಕ್ಕೆಂದು ಮೆಟ್ಟಿಲಿಳಿದು ಹೋದರು. ಸಂದರ್ಶನದುದ್ದಕ್ಕೂ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಈಶ್ವರ ಈ ಸಲ ನಗಲಿಲ್ಲ. ಮೆಲ್ಲಗೆ ಹತ್ತಿರ ಬಂದು, "ಆ ಮೋ ಇಚಿದೋಕ್ಕಿಂತ ಮೊದಲ ಏನಂದೀ, ಅದನ್ನ ಹೇಳ," ಎಂದ.

ಹಾಗೆಂದು ಕೋಮಲ ಧೈರ್ಯವಾಗೇನೂ ಇರಲಿಲ್ಲ. ಮುಂದಿನ ದಿನಗಳಲ್ಲಿ ಊಟ ಸೇರಲಿಲ್ಲ. ಹಾಯ್ ಅಂದಿದ್ದರೆ ಏನು ಗಂಟು ಹೋಗುತ್ತಿತ್ತು ಎಂದು ತನ್ನನ್ನೇ ಬೈದುಕೊಂಡಳು. ಆಮೇಲೆ ಹಾಗೆ ಬೈದುಕೊಂಡದ್ದಕ್ಕೂ ಬೈದುಕೊಂಡಳು.

ಫೋನು ಬಂದದ್ದು ಒಂದು ಮಧ್ಯಾಹ್ನ, ಬಾವಿ ಹೊಲದಲ್ಲಿ, ಬಿಸಿಲಿಗೆ ಕುರಿಗಳೆಲ್ಲ ತಲೆ ಕೂಡಿಸಿ ನಿಂತಿದ್ದ ಹೊತ್ತಿನಲ್ಲಿ. ಸರ್ ಮೂಲಕವಲ್ಲ, ನೇರ ಅವಳಿಗೇ. ಎಳೆಯ ಹೆಣ್ಣುದನಿ. ಹೆಸರು ನಾವೊಕೊ, ಆ ಕಾಲೇಜಿನ ಹಿರಿಯ ವಿದ್ಯಾರ್ಥಿನಿ. ಒಂದೇ ಉಸಿರಿಗೆ ಏನೇನೋ ಹೇಳಿದಳು. ಕೋಮಲ ಬದುವಿನ ಮೇಲೆ ಕುಳಿತು, ಒಂದೊಂದೇ ತುಂಡು ಒಪ್ಪಿಸುತ್ತ ಹೋದಳು. "ಏಪ್ರಿಲಿನಲ್ಲಿ ಬರಬೇಕು. ಸೀಟು ನನಗೆ ಕೊಟ್ಟಿದ್ದಾರೆ. ಕೊಟ್ಟಿದ್ದಾರೆ, ಹೌದೇ?"

"ಕೊಟ್ಟಿದ್ದಾರೆ," ಎಂದಳು ನಾವೊಕೊ. "ಮೇಷ್ಟ್ರು ಹೇಳಿದರು: ಈ ಹುಡುಗಿಯ ಕಿವಿ ಇನ್ನೂ ಎಳಸು, ಆದರೆ ತಿಳಿಯದ್ದನ್ನು ಬಚ್ಚಿಡುವುದಿಲ್ಲ. ಕೊಟ್ಟಿಗೆಗೆ ಅಂಥವರು ಬೇಕು. ಅಲ್ಲಿಯವರೆಗೆ ವಾರಕ್ಕೊಮ್ಮೆ ನಾನು ನಿನ್ನ ಜೊತೆ ಮಾತಾಡಬೇಕಂತೆ, ಕಿವಿ ಬಲಿಯಲಿ ಅಂತ."

ಕೋಮಲ ಇದಿಷ್ಟನ್ನೂ ತಿರುಗಿ ಹೇಳಿದಳು. ಹೊಲದ ಆಚೆಯಿಂದ ಮಲಕಾರಿ ಕೈಯೆತ್ತಿ ಏನೆಂದು ಕೇಳಿದ. ಅವಳು ಎರಡೂ ಕೈ ಮೇಲೆತ್ತಿದಳು. ಅವನಿಗೆ ಅದರ ಅರ್ಥ ತಿಳಿಯದೆ ಕುರಿ ದಾಟಿಕೊಂಡು ಓಡೋಡಿ ಬರತೊಡಗಿದ.

"ಈಗ ನೀನು ಹೇಳು," ಎಂದಳು ನಾವೊಕೊ. "ನಿನ್ನ ಸುತ್ತ ಏನಿದೆ?"

ಕೋಮಲಳಿಗೆ ಹುರುಪು ಬಂತು. ತನ್ನ ಮುರುಕು ಜಪಾನಿಯಲ್ಲೇ ಶುರು ಹಚ್ಚಿದಳು. ಕಬ್ಬು ಕಡಿದ ಹೊಲ, ಅದರಲ್ಲಿ ಕುರಿ ನಿಲ್ಲಿಸುವುದು, ಕುರಿಯ ಹಿಕ್ಕೆಯಿಂದ ಹೊಲಕ್ಕೆ ಗೊಬ್ಬರ, ಬದಲಿಗೆ ಧಣಿಯ ಮನೆಯಿಂದ ಜೋಳ, ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರುಗಳು, ಧಣಿಯ ಫೋನಿಗೆ ಎದ್ದು ನಿಲ್ಲುವ ಅಪ್ಪ.

"ಹಾಯ್," ಎಂದಳು ನಾವೊಕೊ. "ಹಾಯ್… ಹಾಯ್… ಹಾಯ್."

ಕೋಮಲ ಮಾತು ನಿಲ್ಲಿಸಿದಳು. ಆ ಹಾಯ್ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೃದುವಾದದ್ದು, ನಗುವುಳ್ಳದ್ದು, ತಲೆ ಬಾಗಿಸಿದ್ದು. ಏನೂ ತಿಳಿಯದವರು ಮರ್ಯಾದೆಗೆ ಅನ್ನುವ ಹಾಯ್. ಅಷ್ಟು ದೂರದ ಹಿಮದ ಸೀಮೆಯಲ್ಲೂ ಹುಡುಗಿಯರಿಗೆ ಇದನ್ನೇ ಕಲಿಸಿ ಬೆಳೆಸಿದ್ದರು.

"ನಾವೊಕೊ ಅಕ್ಕಾ," ಎಂದಳು ಕೋಮಲ, "ನಾನು ಹೇಳಿದ್ದು ನಿನಗೆ ಎಷ್ಟು ತಿಳಿಯಿತು?"

ಆ ಕಡೆಯಿಂದ ತಡೆಯಲಾರದ ನಗೆ. "ಕುರಿ," ಎಂದಳು ನಾವೊಕೊ. "ಹೊಲ. ಮುಂದಿನದು ಒಂದೂ ತಿಳಿಯಲಿಲ್ಲ. ಕೇಳಿದರೆ ನಿನಗೆ ಬೇಜಾರಾದೀತು ಅಂತ ಸುಮ್ಮನಿದ್ದೆ."

"ಬೇಜಾರಿಲ್ಲ. ಕೇಳು."

"ಹಾಗಾದರೆ," ಎಂದಳು ನಾವೊಕೊ, "ಮೋ ಇಚಿದೋ."

ಓಡಿ ಬಂದ ಅಪ್ಪ ಏದುಸಿರು ಬಿಡುತ್ತ ಎದುರಿಗೆ ನಿಂತಿದ್ದ. ಕೋಮಲ ಅವನ ತೋಳು ಹಿಡಿದು ಬದುವಿನ ಮೇಲೆ ತನ್ನ ಪಕ್ಕಕ್ಕೆ ಕೂರಿಸಿಕೊಂಡಳು, ಕಾಲು ನೀಡಿದಳು, ಮತ್ತೆ ಮೊದಲಿನಿಂದ, ಬಿಡಿಬಿಡಿಯಾಗಿ, ಹೇಳತೊಡಗಿದಳು.